ಉಕ್ಕು: ಉಕ್ಕಿದ್ದೋ, ಕರಗಿದ್ದೋ?

ಮಾನ್ಯರೇ,

‘ಉಕ್ಕು’ ಎಂಬ ನಾಮಪದವನ್ನು ಹಾಲು ಉಕ್ಕುವ ‘ಉಕ್ಕು’ ಕ್ರಿಯಾಪದದಿಂದಲೇ ಬಿಡಿಸಿ, ಕುಲುಮೆಯಲ್ಲಿ ಕುದಿದು ಉಕ್ಕಿ ಬಂದದ್ದರಿಂದ ಲೋಹಕ್ಕೆ ಆ ಹೆಸರು ಬಂತೆಂದು ಹೇಳುವವರಿದ್ದಾರೆ. ಈ ವಿವರಣೆ ಕೇಳಲು ಸೊಗಸಾಗಿದೆಯಾದರೂ ನನಗೆ ಒಪ್ಪಿಗೆಯಾಗಿಲ್ಲ.

ತಮಿಳಿನಲ್ಲಿ ‘ಉರುಕು’ ಎಂದರೆ ಕರಗು, ‘ಉರುಕ್ಕು’ ಎಂದರೆ ಕರಗಿಸು. ಆ ‘ಉರುಕ್ಕು’ವೇ ನಾಮಪದವಾಗಿ ಉಕ್ಕನ್ನೂ ಹೇಳುತ್ತದೆ. ಮಲಯಾಳದಲ್ಲಿಯೂ ಉಕ್ಕಿಗೆ ಇದೇ ಹೆಸರು. ಸೊರ್ಕು ಸೊಕ್ಕಾದಂತೆ, ಕರ್ಬುನ ಕಬ್ಬುನವಾದಂತೆ, ‘ಉರ್ಕು’ ಎಂಬ ರೂಪದ ರೇಫ (ರಕಾರ) ಬಿದ್ದು ನಮ್ಮ ‘ಉಕ್ಕು’ ಆಗಿರಬೇಕೆಂದು ಊಹಿಸುವುದು ಕಷ್ಟವಲ್ಲ. ತೊಡಕೇನೆಂದರೆ ಉಬ್ಬು, ಮೇಲೇಳು ಎಂಬರ್ಥದ ಹಳಗನ್ನಡದ ‘ಉರ್ಕು’ವೂ ಇದೇ ದಾರಿಯಲ್ಲಿ ನಡೆದು ‘ಉಕ್ಕು’ ಆಗಿದೆ. ಎರಡರ ಉಚ್ಚಾರ ಒಂದೇ ಆದ ಮೇಲೆ ಅರ್ಥಗಳನ್ನೂ ಜನ ಗಂಟುಹಾಕಿದ್ದಾರೆ. ತೆಲುಗಿನಲ್ಲಿಯೂ ಲೋಹ ‘ಉಕ್ಕು’ವೇ, ಆದರೆ ಹಾಲು ಉಕ್ಕುವುದಕ್ಕೆ ಅವರು ಹೇಳುವುದು ‘ಪೊಂಗು’ ಎಂದು.

ಪದಕ್ಕಿಂತ ಹೆಚ್ಚಾಗಿ ನನ್ನನ್ನು ಒಪ್ಪಿಸುವುದು ಕಸುಬೇ. ಶುದ್ಧ ಕಬ್ಬಿಣ ಕರಗಲು 1538 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ತಿದಿಯೊತ್ತುವ ಹಳ್ಳಿಯ ಕುಲುಮೆಯಲ್ಲಿ ಅಷ್ಟು ಕಾವು ಏರುತ್ತಿರಲಿಲ್ಲ. ಅಲ್ಲಿ ಇದ್ದಿಲಿನಿಂದ ಹುಟ್ಟಿದ ಕಾರ್ಬನ್ ಮಾನಾಕ್ಸೈಡ್ ಅದಿರಿನ ಆಮ್ಲಜನಕವನ್ನು ಸೆಳೆದುಕೊಳ್ಳುತ್ತಿತ್ತು, ಅದಿರಿನ ಕಲ್ಮಶವಾದ ಕಿಟ್ಟ ಕರಗಿ ಇಳಿಯುತ್ತಿತ್ತು, ಕಬ್ಬಿಣ ಮಾತ್ರ ಕರಗದೆ ಸ್ಪಂಜಿನಂಥ ಮುದ್ದೆಯಾಗಿ ಉಳಿಯುತ್ತಿತ್ತು. ಅದರೊಳಗೆ ಸಿಕ್ಕಿಕೊಂಡ ಕಿಟ್ಟವನ್ನು ಬಡಿದೇ ಹೊರಹಾಕಬೇಕಿತ್ತು. ಉಕ್ಕಿನ ದಾರಿ ಬೇರೆ. ಬಡಿದ ಕಬ್ಬಿಣದ ತುಂಡುಗಳನ್ನು ತಂಗಡಿಯಂಥ ಗಿಡದ ಕಡ್ಡಿ, ಹಸಿರೆಲೆಗಳೊಡನೆ ಮೂಸೆಯಲ್ಲಿ, ಅಂದರೆ ಲೋಹ ಕರಗಿಸುವ ಮಣ್ಣಿನ ಪಾತ್ರೆಯಲ್ಲಿ, ಇಟ್ಟು, ಬಾಯಿ ಮೆತ್ತಿ, ಗಂಟೆಗಟ್ಟಲೆ ಕಾಸುತ್ತಿದ್ದರು. ಇಂಗಾಲವನ್ನು ಹೀರಿದಂತೆಲ್ಲ ಕಬ್ಬಿಣದ ಕರಗುವ ಬಿಂದು ಇಳಿಯುತ್ತದೆ. ನೂರಕ್ಕೆ ಒಂದೂವರೆಯಷ್ಟು ಇಂಗಾಲ ಸೇರುವ ಹೊತ್ತಿಗೆ ಮೂಸೆಯಲ್ಲಿದ್ದದ್ದು ನೀರಾಗುತ್ತಿತ್ತು. ಅಂದರೆ ಕಮ್ಮಾರನ ಕಣ್ಣಿಗೆ ಕಬ್ಬಿಣವು ಕರಗದ್ದು, ಉಕ್ಕು ಕರಗಿದ್ದು. ಬಾಯಿ ಮುಚ್ಚಿದ ಮೂಸೆಯಲ್ಲಿ ಉಕ್ಕಿ ಹರಿಯುವ ಮಾತಾದರೂ ಎಲ್ಲಿಂದ ಬರಬೇಕು?

1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಈ ಲೋಹದ ಮೇಲೆ ಪ್ರಬಂಧ ಓದಿದಾಗ ಬಳಸಿದ ‘ವೂಟ್ಸ್’ ಎಂಬ ಹೆಸರು ನಮ್ಮ ‘ಉಕ್ಕು’ವಿನ ಅಪಭ್ರಂಶವೆಂದು ಸಾಮಾನ್ಯವಾಗಿ ಒಪ್ಪಲಾಗಿದೆ. ಅದಕ್ಕೆ ಇಲ್ಲಿ ಹೆಚ್ಚು ಜಾಗ ಬೇಡ.

ಎರಡನೆಯ ಸಂದೇಹ ‘ಬೀಡು’ ಕುರಿತದ್ದು. ಊದುಕುಲುಮೆಯಿಂದ (ಬ್ಲಾಸ್ಟ್ ಫರ್ನೇಸ್) ಹರಿದುಬರುವ, ನೂರಕ್ಕೆ ನಾಲ್ಕರಷ್ಟು ಇಂಗಾಲವಿರುವ ಲೋಹಕ್ಕೂ, ಅದನ್ನು ಮತ್ತೆ ಕರಗಿಸಿ ಅಚ್ಚಿಗೆ ಹೊಯ್ದ ಬಾಣಲೆ, ಕಂಬಗಳ ಲೋಹಕ್ಕೂ ‘ಬೀಡು ಕಬ್ಬಿಣ’ವೆಂದೇ ಬರೆಯುವುದನ್ನು ಕಂಡಿದ್ದೇನೆ, ಕೆಲವರು ಎರಡನೆಯದನ್ನು ‘ಎರಕದ ಕಬ್ಬಿಣ’ ಎನ್ನುತ್ತಾರೆ. ಈ ಭೇದ ಉಳಿಯಬೇಕೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಇಂದಿನ ಉಕ್ಕಿನ ಬಹುಪಾಲು ಹುಟ್ಟುವುದು ಮೊದಲನೆಯದರಿಂದ, ಅದರ ಇಂಗಾಲವನ್ನು ಆಮ್ಲಜನಕ ಊದಿ ಸುಟ್ಟು ಕಳೆಯುವುದರಿಂದ. ಮೂಸೆಯವನು ಕೂಡಿಸುತ್ತಿದ್ದುದನ್ನು ಕಾರ್ಖಾನೆ ಕಳೆಯುತ್ತದೆ. 1923ರಲ್ಲಿ ಕೆಲಸ ಆರಂಭಿಸಿದ ಭದ್ರಾವತಿಯ ಕಾರ್ಖಾನೆ ಕೂಡ ಮೊದಲು ಕಬ್ಬಿಣದ ಕಾರ್ಖಾನೆಯಾಗಿತ್ತು. ಹೆಸರಿನಲ್ಲಿ ಉಕ್ಕು ಸೇರಿದ್ದು ಆಮೇಲೆ.

ಬಳಕೆಯಲ್ಲಂತೂ ಗೊಂದಲ ವಿಚಿತ್ರವಾಗಿದೆ. ಮನೆ ಕಟ್ಟುವ ಮೇಸ್ತ್ರಿಗೆ ಉಕ್ಕಿನ ಕಂಬಿಯೂ ‘ಕಬ್ಬಿಣ’ವೇ, ಅಡುಗೆಮನೆಯಲ್ಲಿ ‘ಸ್ಟೀಲ್’ ಎಂದರೆ ತುಕ್ಕು ಹಿಡಿಯದ ಪಾತ್ರೆ ಮಾತ್ರ, ಅದನ್ನು ‘ಉಕ್ಕಿನ ಲೋಟ’ ಎಂದವರನ್ನು ನಾನು ಕಂಡಿಲ್ಲ.

ಬಲ್ಲವರಲ್ಲಿ ನನ್ನ ಪ್ರಶ್ನೆ ಎರಡು. ಲೋಹದ ಅರ್ಥದಲ್ಲಿಯೇ ‘ಉರ್ಕು’ ಎಂಬ ರೂಪ ಹಳಗನ್ನಡದ ಕಾವ್ಯದಲ್ಲಾಗಲಿ ಶಾಸನದಲ್ಲಾಗಲಿ ಎಲ್ಲಿಯಾದರೂ ಕಣ್ಣಿಗೆ ಬಿದ್ದಿದೆಯೇ? ಕುಲುಮೆಯಿಂದ ಹೊರತೆಗೆದ, ಇನ್ನೂ ಬಡಿಯದ ಆ ಮುದ್ದೆಗೆ ನಿಮ್ಮ ಸೀಮೆಯ ಕಮ್ಮಾರರಲ್ಲಿ ಬೇರೆ ಹೆಸರೇನಾದರೂ ಇತ್ತೇ?