ಕಾಫಿ ಬಿಡದೆ ಸಿಗರೇಟ್ ಬಿಡೋಕೆ ಆಗುತ್ತಾ?

ತೋಟದಮನೆ (ಮೂಡಿಗೆರೆ):
ದಿನಕ್ಕೆ ಹದಿನೈದು ಸಿಗರೇಟು. ಬೆಳಗ್ಗೆ ಎದ್ದ ಕೂಡಲೇ ಕಾಫಿ ಲೋಟದ ಜೊತೆ ಒಂದು ಬೇಕೇ ಬೇಕು. 2 ಮಿ.ಗ್ರಾಂ ನಿಕೋಟಿನ್ ಗಮ್ ಅಗಿದರೆ ಗಂಟಲು ಉರಿ, ಬಿಕ್ಕಳಿಕೆ. ಚಟ ಮಾತ್ರ ಹಾಗೇ ಇದೆ. ಕಾಫಿ ಬಿಡೋ ಮಾತೇ ಇಲ್ಲ. ಏನು ಮಾಡಲಿ?

ಔಷಧಂಗಡಿ (ಚಿಕ್ಕಮಗಳೂರು):
ಸಾರ್, ಗಮ್ಮನ್ನು ಬಬಲ್ ಗಮ್ ಥರ ಒಂದೇ ಸಮನೆ ಅಗಿದರೆ ನಿಕೋಟಿನ್ ಎಂಜಲಿನ ಜೊತೆ ಹೊಟ್ಟೆಗೆ ಹೋಗುತ್ತೆ. ಉರಿ, ಬಿಕ್ಕಳಿಕೆ ಬರೋದು ಅದರಿಂದ. ಅದು ರಕ್ತಕ್ಕೆ ಸೇರಬೇಕಾದ್ದು ಬಾಯಿಯ ಒಳಚರ್ಮದಿಂದ. ನಿಧಾನಕ್ಕೆ ಅಗಿಯಿರಿ, ಬಾಯಿ ಚುರ್ ಅಂದ ಕೂಡಲೇ ನಿಲ್ಲಿಸಿ ಕೆನ್ನೆಗೂ ವಸಡಿಗೂ ನಡುವೆ ಒತ್ತಿಡಿ. ಚುರುಚುರು ಹೋದ ಮೇಲೆ ಮತ್ತೆ ಎರಡು ಸಲ ಅಗಿದು ಇನ್ನೊಂದು ಕೆನ್ನೆಗೆ. ಹೀಗೆ ಅರ್ಧ ಗಂಟೆ.

ಇನ್ನೊಂದು, ಕಾಫಿಯ ಹುಳಿಗುಣಕ್ಕೆ ಬಾಯಲ್ಲಿ ನಿಕೋಟಿನ್ ಹೀರೋದೇ ಕಮ್ಮಿ ಆಗುತ್ತೆ. ಕಾಫಿ ಕುಡಿದು 15 ನಿಮಿಷ ಬಿಟ್ಟು ಗಮ್ ಹಾಕಿ, ಬಾಯಲ್ಲಿ ಗಮ್ ಇರುವಾಗ ನೀರು ಬಿಟ್ಟು ಬೇರೇನೂ ಬೇಡ. ಎದ್ದ ಅರ್ಧ ಗಂಟೆಯೊಳಗೆ ಸೇದೋರಿಗೆ ಸಾಮಾನ್ಯವಾಗಿ 4 ಮಿ.ಗ್ರಾಂ ಬೇಕಾಗುತ್ತೆ, ಅದಕ್ಕೆ ಡಾಕ್ಟರ ಚೀಟಿ ತನ್ನಿ. ಮೊದಲ ಆರು ವಾರ ಒಂದೆರಡು ಗಂಟೆಗೊಂದು; ಆಸೆ ತಲೆಗೇರೋವರೆಗೆ ಕಾಯಬೇಡಿ.

ಕಾಫಿಪುಡಿ (ಕೊಪ್ಪ):
ಕಾಫಿ ವಿಷಯ ಇನ್ನೂ ಇದೆ, ಇದನ್ನ ಯಾರೂ ಹೇಳಲ್ಲ. ಹೊಗೆಯಲ್ಲಿರೋ ಟಾರಿನ ಅಂಶಗಳಿಂದ ಸೇದೋರ ಲಿವರ್ ಕೆಫೀನನ್ನು ಬೇಗ ಕರಗಿಸಿಬಿಡುತ್ತೆ. ಸೇದೋದು ನಿಂತರೆ ಆ ವೇಗ ಇಳಿಯುತ್ತೆ, ಅದೇ ನಾಲ್ಕು ಲೋಟ ಕಾಫಿ ಮೈಯಲ್ಲಿ ತುಂಬ ಹೊತ್ತು ಉಳಿಯುತ್ತೆ. ಕೈ ನಡುಕ, ಎದೆ ಡವಡವ, ನಿದ್ದೆ ಇಲ್ಲ. ಇದು ಸಿಗರೇಟಿನ ಆಸೆ ಅಂದುಕೊಂಡು ಮತ್ತೆ ಹಚ್ಚೋರು ಬಹಳ. ಬಿಡೋ ದಿನದಿಂದಲೇ ಡಿಕಾಕ್ಷನ್ ಅರ್ಧಕ್ಕಿಳಿಸಿ, ಹಾಲು ಜಾಸ್ತಿ ಮಾಡಿ. ರೋಬಸ್ಟಾದಲ್ಲಿ ಅರೇಬಿಕಾಕ್ಕಿಂತ ಹೆಚ್ಚುಕಮ್ಮಿ ಎರಡರಷ್ಟು ಕೆಫೀನ್, ಹಾಗಾಗಿ ಪುಡಿ ಮಾಡಿಸುವಾಗ ಅರೇಬಿಕಾನೇ ಕೇಳಿ. ಚಿಕೋರಿಯಲ್ಲಿ ಕೆಫೀನ್ ಇಲ್ಲ, ಸ್ವಲ್ಪ ಜಾಸ್ತಿ ಹಾಕಿಸಿದರೂ ನಡೆಯುತ್ತೆ. ಲೋಟದ ಲೆಕ್ಕ ಹಾಗೇ ಇರಲಿ. ಆದರೆ ಬೆಳಗಿನ ಕಾಫಿ ಸೇದುತ್ತಿದ್ದ ಜಗಲಿಯಲ್ಲಿ ಬೇಡ, ಅಡಿಗೆಮನೆಯಲ್ಲೇ ಕುಡಿಯಿರಿ.

ಆಸ್ತಮಾಕ್ಕೆ ಥಿಯೋಫಿಲಿನ್ ಮಾತ್ರೆ ತಗೊಳ್ತಿದ್ದರೆ ಬಿಡೋ ಮೊದಲೇ ಡಾಕ್ಟರಿಗೆ ಹೇಳಿ, ಅದರ ಪ್ರಮಾಣವೂ ಇಳಿಸಬೇಕಾಗುತ್ತೆ.

ಮಲ್ನಾಡ್ ಮಳೆ:
ತೋಟದ ಜೀಪಿನಲ್ಲಿರೋ ಲೈಟರ್, ರೈನ್‌ಕೋಟ್ ಜೇಬಿನ ಬೆಂಕಿಪೊಟ್ಟಣ ಎಲ್ಲಾ ಹಿಂದಿನ ರಾತ್ರಿಯೇ ತೆಗೆದುಬಿಡಿ ಅಣ್ಣ. ಮೊದಲ ಮೂರು ದಿನ ಕಷ್ಟ, ಆದರೆ ಒಂದೊಂದು ಸಲದ ಆಸೆ ಐದು ನಿಮಿಷದಲ್ಲಿ ಇಳಿಯುತ್ತೆ. ಸಿಗರೇಟಿನ ಬದಲಿಗೆ ಎಲೆಅಡಿಕೆಗೆ ಹೊಗೆಸೊಪ್ಪು ಸೇರಿಸಿ ಹಾಕೋರಿದ್ದಾರೆ, ದಯವಿಟ್ಟು ಬೇಡ, ಅದೂ ತಂಬಾಕೇ. 1800-11-2356 ಸರ್ಕಾರದ ಉಚಿತ ಸಹಾಯವಾಣಿ, ಸಲಹೆ ಕೊಡ್ತಾರೆ.

ತೋಟದಮನೆ:
ಮೈಗೆ ಅಂಟಿಸೋ ನಿಕೋಟಿನ್ ಪ್ಯಾಚ್ ಹಾಕ್ಕೊಂಡು ಗಮ್ಮೂ ತಗೋಬಹುದಾ?

ಔಷಧಂಗಡಿ:
ತಗೋಬಹುದು, ಒಂದೇ ಹಾಕೋದಕ್ಕಿಂತ ಎರಡೂ ಸೇರಿದರೆ ಒಳ್ಳೇದು. ದಿನಕ್ಕೆ ಹತ್ತಕ್ಕಿಂತ ಜಾಸ್ತಿ ಸೇದೋರಿಗೆ 21 ಮಿ.ಗ್ರಾಂ ಪ್ಯಾಚಿನಿಂದ ಶುರು. ಅದರ ಜೊತೆಗಾದರೆ 2 ಮಿ.ಗ್ರಾಂ ಗಮ್ಮೇ ಸಾಕಾಗಬಹುದು, ಡಾಕ್ಟರನ್ನ ಕೇಳಿ. ಹೃದಯದ ತೊಂದರೆ ಇದ್ದರೆ ಅದನ್ನೂ ಹೇಳಿ. ಸ್ನಾನ ಆಗಿ ಮೈ ಪೂರ್ತಿ ಒಣಗಿದ ಮೇಲೆ ಕೂದಲಿಲ್ಲದ ಕಡೆ ಅಂಟಿಸಿ, ಹತ್ತು ಸೆಕೆಂಡು ಅಂಗೈಯಿಂದ ಒತ್ತಿಹಿಡಿಯಿರಿ. ಒದ್ದೆ ಮೈಗೆ ಹಚ್ಚಿದರೆ ಮಧ್ಯಾಹ್ನಕ್ಕೆ ಕಿತ್ತು ಬರುತ್ತೆ. ದಿನಾ ಜಾಗ ಬದಲಿಸಿ. ಕೆಟ್ಟ ಕನಸು ಬಿದ್ದರೆ ಮಲಗುವಾಗ ತೆಗೆದಿಡಿ. ಹೊಸ ಪ್ಯಾಚ್ ಕೆಲಸ ಹಿಡಿಯೋಕೆ ಒಂದೆರಡು ಗಂಟೆ ಬೇಕು, ಬೆಳಗಿನ ಆ ಹೊತ್ತಿಗೇ ಗಮ್ ಇರಲಿ.