ಮಕ್ಕಳಿಗೆ ಏಳು ವಾರ ರಜೆ, ಅಮ್ಮನಿಗೆ?

ಓದುಗರೊಬ್ಬರ ಸಮಸ್ಯೆ: ಬೆಂಗಳೂರಿನ ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಮಗಳಿಗೆ 11, ಮಗನಿಗೆ 7 ವರ್ಷ. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಅವರಿಗೆ ರಜೆ, ನನಗೆ ಅದೇ ಹೊತ್ತಿಗೆ ಆಡಿಟ್. ಪ್ರತಿ ವರ್ಷ ಅತ್ತೆಯ ಊರಿಗೆ ಕಳಿಸುತ್ತಿದ್ದೆ. ಈ ಸಲ ಅವರಿಗೆ ಮಂಡಿ ಆಪರೇಷನ್ ಆಗಿದೆ. ಸಮ್ಮರ್ ಕ್ಯಾಂಪ್ 10ಕ್ಕೆ ಶುರುವಾಗಿ 12.30ಕ್ಕೆ ಮುಗಿಯುತ್ತದೆ. ಕರೆದುಕೊಂಡು ಬರುವವರು ಯಾರು? ಯಜಮಾನರಿಗೆ ಶಿಫ್ಟ್ ಕೆಲಸ. ಮಕ್ಕಳು ದಿನವಿಡೀ ಮೊಬೈಲ್ ನೋಡುತ್ತಾರೆ. ಅಕ್ಕಪಕ್ಕದ ಮಕ್ಕಳು ಸ್ವಿಮ್ಮಿಂಗ್, ಅಬ್ಯಾಕಸ್, ಊಟಿ ಅಂತ ಓಡಾಡುವುದನ್ನು ಕಂಡಾಗ ನನ್ನ ಮಕ್ಕಳಿಗೆ ನಾನೇ ಮೋಸ ಮಾಡುತ್ತಿದ್ದೇನೆ ಅನಿಸುತ್ತದೆ. ಏನು ಮಾಡಲಿ?

ಓದುಗರ ಸ್ಪಂದನ

ನಿಮ್ಮ ಪತ್ರ ಓದಿದಾಗ ಎರಡು ವರ್ಷದ ಹಿಂದಿನ ನನ್ನನ್ನೇ ನೋಡಿದ ಹಾಗಾಯಿತು. ನಮ್ಮ ಬೀದಿಯಲ್ಲಿ ಕೆಲಸಕ್ಕೆ ಹೋಗುವ ಅಮ್ಮಂದಿರು ಐದು ಜನ. ಒಂದು ಭಾನುವಾರ ಎಲ್ಲರೂ ಕೂತು ಲೆಕ್ಕ ಹಾಕಿದೆವು. ವಾರದಲ್ಲಿ ಐದು ದಿನ, ಐದು ಮನೆ. ಒಂದೊಂದು ಮನೆಗೆ ಒಂದೊಂದು ದಿನ. ಏಳು ವಾರಕ್ಕೆ ಪ್ರತಿ ಮನೆಯವರು ಹಾಕಬೇಕಾದ್ದು ಏಳೇ ರಜೆ. ಅದರಲ್ಲಿ ನಾಲ್ಕು ನಾನು, ಮೂರು ನಮ್ಮ ಯಜಮಾನರು. ಒಬ್ಬಳೇ ಏಳು ವಾರ ಎಳೆಯುವುದು ಎಲ್ಲಿ, ಇದೆಲ್ಲಿ!

ಎರಡು ಕಟ್ಟುನಿಟ್ಟು ಮಾಡಿಕೊಂಡೆವು. ಊಟದ ಡಬ್ಬಿ ಅವರವರ ಮನೆಯಿಂದಲೇ ಬರಬೇಕು. ಇಲ್ಲದಿದ್ದರೆ ರಜೆ ಹಾಕಿದವಳು ಎಂಟು ಮಕ್ಕಳಿಗೆ ದೋಸೆ ಹುಯ್ಯುತ್ತಾ ನಿಲ್ಲಬೇಕು. ಇನ್ನೊಂದು, ಮೊಬೈಲು ಮಧ್ಯಾಹ್ನ ಎರಡರಿಂದ ಮೂರರವರೆಗೆ ಮಾತ್ರ, ಉಳಿದ ಹೊತ್ತು ಫ್ರಿಜ್ ಮೇಲೆ. ಮೊದಲ ಮೂರು ದಿನ ರಂಪ. ನಾಲ್ಕನೇ ದಿನ ಯಾರೋ ಚೌಕಾಬಾರ ತೆಗೆದರು. ನಾಲ್ಕು ಕವಡೆಯಲ್ಲಿ ಒಂದು ಕಳೆದುಹೋಗಿತ್ತು. ಸಾರಿಗೆ ತೆಗೆದಿಟ್ಟಿದ್ದ ಹುಣಸೆಹಣ್ಣಿನಿಂದ ಬೀಜ ಆರಿಸಿಕೊಂಡು ಹೋಗಿ, ಹಿತ್ತಲ ಒಗೆಯುವ ಕಲ್ಲಿಗೆ ಒಂದು ಮಗ್ಗಲು ಬೆಳ್ಳಗಾಗುವವರೆಗೆ ತೇಯ್ದರು. ನಾಲ್ಕೂ ಬೆಳ್ಳಗೆ ಬಿದ್ದರೆ ಚೌಕ, ನಾಲ್ಕೂ ಕರ್ರಗೆ ಬಿದ್ದರೆ ಬಾರ. ಆ ಬೀಜ ತೇಯುವುದರಲ್ಲೇ ಒಂದು ಬೆಳಗು ಕಳೆಯಿತು. ಜಗಳ ಇರಲಿಲ್ಲ ಅಂತಲ್ಲ, ಇತ್ತು. ಒಂದು ಹೂಕುಂಡವೂ ಹೋಯಿತು.
— ಬ್ಯಾಂಕ್ ಉದ್ಯೋಗಿ, ತುಮಕೂರು

ಮಗಳೇ, ಎಲ್ಲರೂ "ಅಜ್ಜಿ ಮನೆಗೆ ಕಳಿಸಿ" ಅಂತಾರೆ. ಅಜ್ಜಿಯನ್ನು ಯಾರೂ ಕೇಳುವುದಿಲ್ಲ. ಮೊಮ್ಮಕ್ಕಳು ಬಂದರೆ ನನಗೂ ಸಂತೋಷವೇ. ಹಲಸಿನ ಹಪ್ಪಳ ಒತ್ತುವಾಗ ಪ್ರತಿ ಹಪ್ಪಳಕ್ಕೂ ಹೆಬ್ಬೆರಳಿನ ಗುರುತು ಹಾಕಿ ಹೋಗುವ ಮೊಮ್ಮಗ ನನಗೂ ಇದ್ದಾನೆ. ಆದರೆ ಬಾವಿಕಟ್ಟೆ ಕಡೆ ಒಂದು ಕಣ್ಣು, ಒಲೆ ಕಡೆ ಒಂದು ಕಣ್ಣು ಇಟ್ಟುಕೊಂಡು ನಲವತ್ತು ದಿನ ಓಡಾಡುವ ಕಾಲು ಈಗ ಇಲ್ಲ. ಕಳೆದ ವರ್ಷ ಮಗನಿಗೆ ಹೇಳಿಯೇಬಿಟ್ಟೆ, ಹನ್ನೆರಡು ದಿನ ಸಾಕಪ್ಪಾ ಅಂತ. ಪಾಪ, ಅವನಿಗೆ ಬೇಜಾರಾಗಲಿಲ್ಲ, ಆಶ್ಚರ್ಯವಾಯಿತು.

ನಿಮ್ಮ ಅತ್ತೆ ಕೋಲು ಹಿಡಿದು ಓಡಾಡುವ ಹಾಗಾದ ಮೇಲೆ, ನೀವೋ ನಿಮ್ಮ ಯಜಮಾನರೋ ಜೊತೆಗೆ ಹೋಗಿ ನಾಲ್ಕು ದಿನ ಇದ್ದು ಬನ್ನಿ. ಮಕ್ಕಳನ್ನು ಬಿಟ್ಟುಬರಲು ಅಲ್ಲ, ಸುಮ್ನೆ ನೋಡಿಕೊಂಡು ಬರಲು.
— ಓರ್ವ ಅಜ್ಜಿ, ಸಾಗರ

ಅಕ್ಕಾವ್ರೇ, ತಪ್ಪು ತಿಳಿಯಬೇಡಿ. ನಿಮ್ಮ ಪತ್ರದಲ್ಲಿ ಯಜಮಾನರು ಮೂರು ಪದದಲ್ಲಿ ಬಂದು ಹೋಗುತ್ತಾರೆ: "ಯಜಮಾನರಿಗೆ ಶಿಫ್ಟ್ ಕೆಲಸ." ನನ್ನದೂ ಶಿಫ್ಟ್ ಕೆಲಸವೇ. ನೈಟ್ ಮುಗಿಸಿ ಬಂದವನಿಗೆ ನಿದ್ದೆ ಬೇಕು, ಒಪ್ಪುತ್ತೇನೆ. ಆದರೆ ಸೆಕೆಂಡ್ ಶಿಫ್ಟ್ ಇರುವ ವಾರ ಬೆಳಿಗ್ಗೆಯೆಲ್ಲ ಮನೆಯಲ್ಲೇ ಇರುತ್ತೇನೆ. ಆ ವಾರದ ಕ್ಯಾಂಪ್ ಬಿಡುವುದು, ಕರೆತರುವುದು ನನ್ನ ಪಾಲು. ಊಟ ಹಾಕಿಯೇ ನಾನು ಹೊರಡುತ್ತೇನೆ. ಶುರುವಿನಲ್ಲಿ ಮಗಳ ಜಡೆ ಹಾಕಲು ಬರದೆ ಕ್ಯಾಂಪಿಗೆ ತಡವಾಗುತ್ತಿತ್ತು. ಈಗ ಎರಡು ಜಡೆಯನ್ನೂ ಹಾಕುತ್ತೇನೆ, ಬೈತಲೆ ಮಾತ್ರ ಇನ್ನೂ ಸೊಟ್ಟ. ಅವರ ಶಿಫ್ಟ್ ಪಟ್ಟಿಯನ್ನೂ ನಿಮ್ಮ ಆಡಿಟ್ ದಿನಗಳನ್ನೂ ಒಂದೇ ಕ್ಯಾಲೆಂಡರಿನಲ್ಲಿ ಬರೆದು ಅಡುಗೆಮನೆ ಗೋಡೆಗೆ ಹಾಕಿ.
— ಕಾರ್ಖಾನೆ ನೌಕರ, ಹುಬ್ಬಳ್ಳಿ

ನಾನು ಹೈಸ್ಕೂಲ್ ಟೀಚರ್. "ನಿಮಗೇನು ಬಿಡಿ, ಮಕ್ಕಳ ಜೊತೆ ನಿಮಗೂ ರಜೆ" ಅನ್ನುವವರೇ ಜಾಸ್ತಿ. ಏಪ್ರಿಲ್‌ನಲ್ಲಿ ಎಸ್ಸೆಸ್ಸೆಲ್ಸಿ ಮೌಲ್ಯಮಾಪನ. 2024ರಲ್ಲಿ ಪರೀಕ್ಷೆ-1, ಪರೀಕ್ಷೆ-2 ಅಂತ ನಡೆಸುವ ಪದ್ಧತಿ ಬಂದ ಮೇಲೆ ಬೇಸಿಗೆಯಲ್ಲೂ ಪರೀಕ್ಷೆಯ ಕೆಲಸ ಬೆನ್ನು ಬಿಡುವುದಿಲ್ಲ. ನನ್ನ ಮಗನನ್ನು ಅಕ್ಕನ ಮನೆಯಲ್ಲಿ ಬಿಟ್ಟು ಹೋಗುತ್ತೇನೆ. ಅವರ ಊರಿನ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ, ಈಗ ಅರಿವು ಕೇಂದ್ರ ಅನ್ನುತ್ತಾರೆ, ಮಕ್ಕಳಿಗೆ ಸದಸ್ಯತ್ವ ಉಚಿತ. ಪುಸ್ತಕ ಓದಲಿಕ್ಕೆ ಹೋದನೋ ಕೇರಂ ಆಡಲಿಕ್ಕೆ ಹೋದನೋ, ನಾನು ಕೇಳಲು ಹೋಗಿಲ್ಲ. ಬೆಂಗಳೂರಿನಲ್ಲೇ ಇರುವ ನಿಮಗೆ ಕಬ್ಬನ್ ಪಾರ್ಕಿನ ಬಾಲಭವನ ಇದೆ, ಅಲ್ಲೂ ಬೇಸಿಗೆ ಶಿಬಿರ ಮಾಡುತ್ತಾರೆ. ಸೇರಿಸುವ ಮೊದಲು ಶುಲ್ಕಕ್ಕಿಂತ ಮುಂಚೆ ಸಮಯ ವಿಚಾರಿಸಿ. ಮುಂದಿನ ವರ್ಷಕ್ಕಾದರೆ ಮಾರ್ಚ್‌ನಲ್ಲೇ ವಿಚಾರಿಸಿಡಿ. ಮೈಸೂರಿನ ರಂಗಾಯಣದ ಚಿಣ್ಣರ ಮೇಳಕ್ಕೆ ನನ್ನ ತಂಗಿ ತಡವಾಗಿ ಹೋಗಿ ವಾಪಸ್ ಬಂದಳು.
— ಶಿಕ್ಷಕಿ, ಚಿತ್ರದುರ್ಗ ಜಿಲ್ಲೆ

ನಿಮ್ಮ ಮಗಳ ಜಾಗದಲ್ಲಿ ಇದ್ದವಳು ನಾನು. ಅಮ್ಮ ನರ್ಸ್. ರಜೆಯಲ್ಲಿ ಮನೆ ಬೀಗದ ಕೈ ನನ್ನ ಫ್ರಾಕಿನ ಒಳಗೆ ಪಿನ್ನಿನಲ್ಲಿ ಸಿಕ್ಕಿಸಿರುತ್ತಿತ್ತು. ಕೆಳಗಿನ ಮನೆ ಆಂಟಿ ಗಂಟೆಗೊಮ್ಮೆ ಬಂದು ನೋಡುತ್ತಿದ್ದರು. ಅಮ್ಮ ಒಂದು ಗಂಟೆಗೆ ಫೋನ್ ಮಾಡಿ "ಊಟ ಆಯ್ತಾ? ಮೊಸರು ಹಾಕಿಕೊಂಡೆಯಾ?" ಅಂತ ಕೇಳುತ್ತಿದ್ದಳು. ಹಾಕಿಕೊಂಡೆ ಅಂತ ಸುಳ್ಳು ಹೇಳುತ್ತಿದ್ದೆ. ನನಗೆ ಮೋಸವಾಯಿತು ಅಂತ ಒಂದು ದಿನವೂ ಅನಿಸಿಲ್ಲ. ಅನಿಸಿದ್ದು ಬೇರೆ: ಅಮ್ಮ ಸಂಜೆ ಬಂದವಳೇ ಅಪರಾಧಿಯ ಹಾಗೆ ಮುಖ ಮಾಡಿಕೊಂಡು ಚಿಪ್ಸ್, ಚಾಕಲೇಟ್ ಕೊಡುತ್ತಿದ್ದಳು. ಆಗ ನನಗೆ ಭಯವಾಗುತ್ತಿತ್ತು, ಏನೋ ಆಗಿದೆ ಅಂತ.

ಒಂದು ಮಾತು ಮಾತ್ರ ಹೇಳಲೇಬೇಕು. ತಮ್ಮನನ್ನು ನೋಡಿಕೊಳ್ಳುವ ಕೆಲಸ ಪೂರ್ತಿ ಅಕ್ಕನ ತಲೆಗೆ ಕಟ್ಟಬೇಡಿ. ಹನ್ನೊಂದು ವರ್ಷದವಳಿಗೂ ಅದು ರಜೆಯೇ ಅಲ್ವಾ?
— ಕಾಲೇಜು ವಿದ್ಯಾರ್ಥಿನಿ, ಮಂಗಳೂರು

ಊಟಿ ಬಿಡಿ. ನಾವು ಭಾನುವಾರ ಬುತ್ತಿ ಕಟ್ಟಿಕೊಂಡು ಸರ್ಕಾರಿ ಬಸ್ಸಿನಲ್ಲಿ ಹೊರಡುತ್ತೇವೆ. 2023ರ ಜೂನ್‌ನಿಂದ ನನಗೂ ಮಗಳಿಗೂ ಶಕ್ತಿ ಯೋಜನೆಯಲ್ಲಿ ಟಿಕೆಟ್ ದುಡ್ಡಿಲ್ಲ. ಎಂಟು ವರ್ಷದ ಮಗನಿಗೆ ಅರ್ಧ ಟಿಕೆಟ್. ಹೋದ ವಾರ ಮೇಲುಕೋಟೆಗೆ ಹೋಗಿದ್ದೆವು. ಬಿಸಿಲೇರುವ ಮುಂಚೆ ಬೆಟ್ಟ ಹತ್ತಿ ಇಳಿದು, ಮನೆಯಿಂದ ತಂದ ಚಿತ್ರಾನ್ನ ಪಕ್ಕಕ್ಕಿಟ್ಟು, ಅಲ್ಲಿನ ಪುಳಿಯೋಗರೆ ತಿಂದೆವು. ಚಿತ್ರಾನ್ನ ವಾಪಸ್ ಬರುವಾಗ ಬಸ್ಸಿನಲ್ಲಿ ಖಾಲಿ. ಮಗ ಮಾತ್ರ ದಾರಿಯುದ್ದಕ್ಕೂ "ನಮ್ಮಲ್ಲಿ ದುಡ್ಡು ಕೊಟ್ಟು ಬಂದವನು ನಾನೊಬ್ಬನೇ" ಅಂತ ಕಿಟಕಿ ಸೀಟು ಬಿಡಲಿಲ್ಲ. ಆ ಅರ್ಧ ಟಿಕೆಟ್ ಈಗ ಅವನ ಜಾಮಿಟ್ರಿ ಬಾಕ್ಸಿನಲ್ಲಿದೆ.
— ಟೈಲರಿಂಗ್ ಮಾಡುವ ತಾಯಿ, ಮಂಡ್ಯ