ನೋವು ಬಂದ ಕೂಡಲೇ ಮಲಗಲೇಬೇಕಾ?

ಪ್ರಶ್ನೆ (ದಾವಣಗೆರೆ): ಚೊಚ್ಚಲು, 38 ವಾರ. ನೋವು ಶುರುವಾದ ತಕ್ಷಣ ಆಸ್ಪತ್ರೆಗೆ ಹೋಗಬೇಕಾ? ಅಮ್ಮನನ್ನ ಒಳಗೆ ಬಿಡ್ತಾರಾ?

ಉತ್ತರ: ಗಡಿಯಾರ ನೋಡಿ. 5 ನಿಮಿಷಕ್ಕೊಂದು ನೋವು, ಒಂದೊಂದೂ ಸುಮಾರು ನಿಮಿಷ, ಹೀಗೆ ಒಂದು ಗಂಟೆ ಬಂದ್ರೆ ಹೊರಡಿ. ಅಲ್ಲೀವರೆಗೂ ಓಡಾಡಿ, ಗಂಜಿ ಕುಡೀರಿ, ಆಗಾಗ ಮೂತ್ರಕ್ಕೆ ಹೋಗಿ. ಮೂತ್ರಕೋಶ ತುಂಬಿದ್ರೆ ಮಗುವಿನ ತಲೆ ಇಳಿಯೋಕೆ ಅಡ್ಡ. ವಿಶ್ವ ಆರೋಗ್ಯ ಸಂಸ್ಥೆಯ 2018ರ ಲೆಕ್ಕದಲ್ಲಿ ಗರ್ಭಕಂಠ 5 ಸೆಂ.ಮೀ. ತೆರೆದ ಮೇಲೇ ಹೆರಿಗೆ ನಿಜವಾಗಿ ಜೋರಾಗೋದು. ಅದಕ್ಕೂ ಮುಂಚೆ ‘ನಿಧಾನ’ ಅಂತ ನೋವು ಹೆಚ್ಚಿಸೋ ಡ್ರಿಪ್ ತಂದ್ರೆ, ಯಾಕೆ ಅಂತ ಕೇಳಿ. ಕೇಳೋದು ಜಗಳ ಅಲ್ಲ.

ಉತ್ತರ (ಹಿರಿಯೂರು): ಹಳ್ಳಿಯವರಾದ್ರೆ ಇನ್ನೂ ಬೇಗ ಹೊರಡಿ, 108 ಬರೋಕೂ ಹೊತ್ತು ಬೇಕಲ್ಲ. ನೀರು ಹಸಿರಾಗಿ ಹೋದ್ರೆ, ರಕ್ತ ಸುರಿದ್ರೆ, ಮಗು ಮಿಸುಕೋದು ಕಮ್ಮಿಯಾದ್ರೆ ಗಡಿಯಾರ ಪಕ್ಕಕ್ಕಿಡಿ.

ಉತ್ತರ: ಸರ್ಕಾರಿ ಹೆರಿಗೆ ಕೋಣೆಗೆ 2017ರ ‘ಲಕ್ಷ್ಯ’ ಅನ್ನೋ ಕೇಂದ್ರದ ಹೆರಿಗೆ ಕೋಣೆ ಸುಧಾರಣೆ ಯೋಜನೆ ಪ್ರಕಾರ ಜೊತೆಗಾತಿ ಇರಬಹುದು. ಅಡ್ಮಿಷನ್ ಹೊತ್ತಲ್ಲೇ ಅಮ್ಮನ ಹೆಸರು ಹೇಳಿಬಿಡಿ.